ಬೂಟ್‌ಗೆ ಬಿಟ್ಟ ನೂರು ಎಂಬಿ

ಗುಂಡಿ ಒತ್ತಿದ ಮೇಲೆ ಮಂದಾಕಿನಿಯವರು ತಲೆಯನ್ನು ತುಸು ಎಡಕ್ಕೆ ವಾಲಿಸಿ ಕಾಯುತ್ತಿದ್ದರು. ಎರಡೂ ಅಂಗೈ ಮೇಜಿನ ಮೇಲಿರುತ್ತಿದ್ದವು. ಕಂಪ್ಯೂಟರಿನ ಫ್ಯಾನು ಒಮ್ಮೆ ಜೋರಾಗಿ ತಿರುಗಿ ಸುಮ್ಮನಾಗುತ್ತಿತ್ತು, ಒಳಗೆ ಡಿಸ್ಕು ಏನನ್ನೋ ಕೆರೆಯುತ್ತಿತ್ತು, ಅದಾಗಿ ಅರ್ಧ ನಿಮಿಷಕ್ಕೆ ಡೋಲನ್ನು ಎರಡು ಬೆರಳಿನಿಂದ ತಟ್ಟಿದಂಥ ಸದ್ದು ಬರುತ್ತಿತ್ತು. ಆ ಸದ್ದು ಬಂದರೆ ಯಂತ್ರ ಎದ್ದಿದೆ ಎಂದರ್ಥ. ಅವರ ತಲೆ ನೆಟ್ಟಗಾಗುತ್ತಿತ್ತು, ಕೈಗಳು ಕೀಲಿಮಣೆಗೆ ಹೋಗುತ್ತಿದ್ದವು. ಹನ್ನೊಂದನೆಯ ವಯಸ್ಸಿನಲ್ಲಿ ಬಂದ ಒಂದು ಜ್ವರ ಅವರ ಎರಡು ಕಣ್ಣನ್ನೂ ತೆಗೆದುಕೊಂಡು ಹೋಗಿತ್ತು. ಹಾಗಾಗಿ ಪರದೆಯ ಮೇಲೆ ಏನು ಮೂಡುತ್ತದೆ ಎನ್ನುವುದು ಅವರ ಪಾಲಿಗೆ ಇಲ್ಲವೇ ಇಲ್ಲ. ಆ ಡೋಲಿನ ಸದ್ದಿನಿಂದಲೇ ಅವರ ಕೆಲಸದ ದಿನ ಶುರು.

ಇದು ನಡೆದದ್ದು ಒಂದು ಊರಿನ ವಾಚನಾಲಯದಲ್ಲಿ. ಹಳೆಯ ಪತ್ರಿಕೆಗಳನ್ನು ಕಟ್ಟಿಡುತ್ತಿದ್ದ ಹಿಂಬದಿಯ ಕೋಣೆಯನ್ನು ತೆರವು ಮಾಡಿ, ಅದಕ್ಕೆ ‘ಕೇಳುವ ಕೋಣೆ’ ಎಂದು ಹೆಸರಿಟ್ಟಿದ್ದರು. ಓದಲಾಗದವರಿಗಾಗಿ ಊರಿನ ಕೆಲವರು ಪುಸ್ತಕಗಳನ್ನು ಗಟ್ಟಿಯಾಗಿ ಓದಿ, ತಮ್ಮ ಫೋನಿನಲ್ಲೇ ಧ್ವನಿ ಹಿಡಿದು ತಂದುಕೊಡುತ್ತಿದ್ದರು. ಅವುಗಳಲ್ಲಿ ಸೇರಿಕೊಂಡ ಕುಕ್ಕರಿನ ಸೀಟಿ, ಕೆಮ್ಮು, ‘ಒಲೆ ಆರಿಸೇ’ ಎಂಬ ಕೂಗು ಇವನ್ನೆಲ್ಲ ತೆಗೆದು, ಅಧ್ಯಾಯಗಳನ್ನು ಒಪ್ಪ ಮಾಡಿ, ಕೇಳಲು ಬಂದವರಿಗೆ ಹಾಕಿಕೊಡುವುದು ಮಂದಾಕಿನಿಯವರ ಕೆಲಸ. ಪರದೆಯಲ್ಲಿ ಇದ್ದುದನ್ನು ಯಂತ್ರವೇ ಅವರಿಗೆ ಓದಿ ಹೇಳುತ್ತಿತ್ತು. ಆ ಧ್ವನಿಯ ವೇಗಕ್ಕೆ ನನ್ನ ಕಿವಿಯಲ್ಲಿ ಬರೀ ಕಿಚಿಪಿಚಿ ಕೇಳಿಸುತ್ತಿತ್ತು. ಅವರು ಅದನ್ನು ಕೇಳುತ್ತಲೇ ನನ್ನ ಜೊತೆ ಮಾತನ್ನೂ ಆಡುತ್ತಿದ್ದರು.

ಅದಕ್ಕೆ ಮೊದಲು ಹದಿಮೂರು ವರ್ಷ ಅವರು ಅಂಧರ ಕೈಗಾರಿಕಾ ಕೇಂದ್ರದಲ್ಲಿ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದರು. "ಕುರ್ಚಿ ಇರೋದು ಕೂರೋಕೆ ಸಾರ್, ಜೀವಮಾನವೆಲ್ಲ ಹೆಣೆಯೋಕಲ್ಲ" ಎಂದು ಒಮ್ಮೆ ಹೇಳಿದ್ದರು. ವಾಚನಾಲಯದ ಸಮಿತಿ ಅವರನ್ನು ತೆಗೆದುಕೊಂಡದ್ದು ಆರು ತಿಂಗಳ ಪರೀಕ್ಷೆಯ ಮೇಲೆ. ಕಣ್ಣಿಲ್ಲದವರು ಕಂಪ್ಯೂಟರ್ ನಡೆಸುವುದು ಹೇಗೆ ಎಂಬ ಅನುಮಾನ ಸಮಿತಿಯಲ್ಲಿ ಎಲ್ಲರಿಗೂ ಇತ್ತು. ಆರು ತಿಂಗಳು ಮುಗಿದ ಮೇಲೆ ತಾವೇ ಬಂದು ನೋಡಿ, ಖಾಯಂ ಮಾಡುವುದೋ ಬಿಡುವುದೋ ನಿರ್ಧರಿಸುತ್ತೇವೆ ಎಂದಿದ್ದರು. ಬಿಟ್ಟರೆ ಮತ್ತೆ ಬೆತ್ತವೇ.

ನಾನು ಆಗ ಪಕ್ಕದ ಊರಿನ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ವಾರಕ್ಕೆ ಮೂರು ಸಂಜೆ ಈ ವಾಚನಾಲಯಕ್ಕೆ ಬಂದು ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದೆ. ಗ್ರಂಥಪಾಲಕರಾದ ತಿಪ್ಪೇರುದ್ರಯ್ಯನವರು ನನ್ನನ್ನು ಯಾರಿಗೆ ಪರಿಚಯ ಮಾಡಿಕೊಡುವಾಗಲೂ "ಇವರು ಗೊತ್ತಿರೋರು" ಎನ್ನುತ್ತಿದ್ದರು. ಏನು ಗೊತ್ತಿರುವವರು ಎಂದು ಹೇಳುತ್ತಿರಲಿಲ್ಲ. ನನಗೂ ಅದು ಹಿತವಾಗಿಯೇ ಇತ್ತು.

ನನ್ನ ಒಂದು ದುರ್ಗುಣವನ್ನು ಇಲ್ಲಿ ಹೇಳಿಬಿಡಬೇಕು. ಜಾಗದ ವಿಷಯದಲ್ಲಿ ನಾನು ಕಡುಜಿಪುಣ. ಹಾಳೆಯ ಎರಡೂ ಮಗ್ಗುಲಲ್ಲಿ ಬರೆದು, ಅಂಚಿನಲ್ಲೂ ಬರೆಯುವವನು. ಪೆಟ್ಟಿಗೆ ತುಂಬುವುದೆಂದರೆ ಪಾತ್ರೆಯೊಳಗೆ ಪಾತ್ರೆ, ಅದರೊಳಗೆ ಚಮಚ. ಕಂಪ್ಯೂಟರಿಗೆ ಬಂದರೆ ಈ ಗುಣ ಇನ್ನೂ ಹೆಚ್ಚುತ್ತಿತ್ತು. ಕೇಳುವ ಕೋಣೆಗೆ ಯಾರೋ ದಾನವಾಗಿ ಕೊಟ್ಟ ಹಳೆಯ ಯಂತ್ರ ಬಂದಾಗ ಅದರ ಡಿಸ್ಕು ಚಿಕ್ಕದೆಂದು ಗೊತ್ತಾಯಿತು. ಒಂದೊಂದು ಎಂಬಿಯನ್ನೂ ಪುಸ್ತಕಕ್ಕೇ ಮೀಸಲಿಡಬೇಕು ಎಂದು ಶಪಥ ಮಾಡಿದವನಂತೆ, ಯಂತ್ರವನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶವನ್ನು ಅದರಲ್ಲಿ ಹಾಕಲು ಕುಳಿತೆ.

ಮಂದಾಕಿನಿಯವರು ಪಕ್ಕದಲ್ಲಿ ಕುಳಿತಿದ್ದರು. ಆಗಷ್ಟೇ ಕೆಲಸಕ್ಕೆ ಸೇರಿದ್ದವರು. ನಾನು ಏನೇನು ಮಾಡುತ್ತಿದ್ದೇನೆ ಎಂದು ಕೇಳುತ್ತಲೇ ಇದ್ದರು. ಅವರಿಗೆ ಬೇಸರವಾಗದಿರಲಿ ಎಂದು ನಾನೂ ಹೇಳುತ್ತಿದ್ದೆ. ಡಿಸ್ಕನ್ನು ಭಾಗ ಮಾಡುವ ಹಂತಕ್ಕೆ ಬಂದಾಗ ಕೈ ನಿಲ್ಲಿಸಿದೆ.

"ಈಗೇನು ಸಾರ್?" ಎಂದರು.

"ಇಡೀ ಡಿಸ್ಕನ್ನ ಮೂರು ಪಾಲು ಮಾಡ್ತೀನಿ. ಒಂದು ಸಿಸ್ಟಮ್ಮಿಗೆ, ಒಂದು ನಿಮ್ಮ ಪುಸ್ತಕಕ್ಕೆ. ಎಲ್ಲಕ್ಕೂ ಮುಂದೆ ಬೂಟ್ ಅಂತ ಒಂದು ಚಿಕ್ಕದು."

"ಅದರಲ್ಲೇನಿರತ್ತೆ?"

"ಗುಂಡಿ ಒತ್ತಿದ ಕೂಡಲೇ ಯಂತ್ರ ಮೊದಲು ಓದೋ ಫೈಲುಗಳು. ಕರ್ನೆಲ್ ಅಂತಾರೆ, ಲಿನಕ್ಸಿನ ತಿರುಳು ಅದೇ. ಅದನ್ನ ಓದಿದ ಮೇಲೆ ಮಿಕ್ಕಿದ್ದೆಲ್ಲ ಏಳತ್ತೆ."

"ಅಂದ್ರೆ ಬಾಗಿಲಲ್ಲಿ ಚಪ್ಪಲಿ ಬಿಡೋ ಜಾಗ ಇದ್ದಂಗೆ" ಎಂದರು. "ಎಷ್ಟು ಕೊಡ್ತೀರಿ?"

ಅನುಸ್ಥಾಪನೆಯ ಪರದೆ ತಾನಾಗಿಯೇ ಒಂದು ಜಿಬಿ ಕೊಡುತ್ತೇನೆ ಎಂದು ತೋರಿಸುತ್ತಿತ್ತು. ಅದನ್ನು ನೋಡಿ ನನಗೆ ಸಿಟ್ಟೇ ಬಂತು. ದಿನಕ್ಕೊಂದು ಸಲ ಅರ್ಧ ನಿಮಿಷ ಬೇಕಾಗುವ ಫೈಲುಗಳಿಗೆ ಇಡೀ ಒಂದು ಜಿಬಿ! ನಾನು ಕಲಿಯುವ ಕಾಲದ ಕೈಪಿಡಿಯಲ್ಲಿ ನೂರು ಎಂಬಿ ಧಾರಾಳ ಎಂದು ಬರೆದಿತ್ತು. ಆ ಸಾಲಿನ ಕೆಳಗೆ ಗೆರೆ ಎಳೆದದ್ದೂ ನೆನಪಿತ್ತು. ಪರದೆಯ ಅಂಕಿ ಅಳಿಸಿ ನೂರು ಎಂದು ಒತ್ತಿದೆ.

"ನೂರು ಎಂಬಿ" ಎಂದೆ.

"ಸಾಕಾ ಸಾರ್?"

"ಧಾರಾಳ. ಕರ್ನೆಲ್ಲು ಮೂವತ್ತು ಎಂಬಿ ಮೇಲೆ ಹೋಗಲ್ಲ."

"ಆಮೇಲೆ ಸಾಲದೆ ಬಂದ್ರೆ ದೊಡ್ಡದು ಮಾಡಬಹುದಾ?"

"ಕಷ್ಟ. ಪಕ್ಕದಲ್ಲೇ ಇನ್ನೊಂದು ಪಾಲು ಶುರುವಾಗಿರತ್ತಲ್ಲ. ಎಲ್ಲ ತೆಗೆದು ಹೊಸದಾಗೇ ಹಾಕಬೇಕು."

"ಮತ್ತೆ ಈಗಲೇ ಒಂದಿಷ್ಟು ಜಾಸ್ತಿ ಬಿಟ್ಬಿಡಿ."

"ಅಮ್ಮಾ, ಆ ಜಾಗದಲ್ಲಿ ನಿಮ್ಮ ನಾಲ್ಕು ದೊಡ್ಡ ಪುಸ್ತಕ ಕೂರತ್ತೆ" ಎಂದು ನಕ್ಕೆ. ಪುಸ್ತಕದ ಮಾತು ಎತ್ತಿದ ಮೇಲೆ ಅವರು ಸುಮ್ಮನಾದರು. ನಾನು ಎಂಟರ್ ಒತ್ತಿದೆ.

ಆರು ತಿಂಗಳು ಆ ಯಂತ್ರ ತಕರಾರಿಲ್ಲದೆ ನಡೆಯಿತು. ಮಂದಾಕಿನಿಯವರು ನೂರಹತ್ತು ಪುಸ್ತಕ ಸಿದ್ಧ ಮಾಡಿದರು. ಕಣ್ಣು ಮಂಜಾದ ಟೈಲರ್ ಒಬ್ಬರು ದಿನವೂ ಮಧ್ಯಾಹ್ನ ಬಂದು ಪತ್ತೇದಾರಿ ಕಾದಂಬರಿ ಕೇಳುತ್ತ, ಕೊಲೆಗಾರ ಸಿಗುವ ಹೊತ್ತಿಗೆ ಸರಿಯಾಗಿ ನಿದ್ದೆ ಹೋಗುತ್ತಿದ್ದರು. ಅವರನ್ನು ಎಬ್ಬಿಸಿ ಕೊನೆಯ ಅಧ್ಯಾಯ ಮತ್ತೆ ಹಾಕುವುದು ಆ ಕೋಣೆಯ ನಿತ್ಯಕ್ರಮವಾಗಿತ್ತು. ನಾನು ಮಾಡಿದ್ದ ಏರ್ಪಾಟು ಇಷ್ಟೇ: ತಿಂಗಳ ಮೊದಲ ಸೋಮವಾರ ಸಂಜೆ ಯಂತ್ರ ‘ಹೊಸದನ್ನು ಹಾಕಿಕೊಳ್ಳಲೇ?’ ಎಂದು ಕೇಳುತ್ತದೆ, ಮಂದಾಕಿನಿಯವರು ಹೌದು ಎನ್ನಬೇಕು. "ನಾಳೆ ನೋಡೋಣ ಅಂತ ಮುಂದೂಡಬೇಡಿ, ಅದು ಸೋಮಾರಿಗಳ ಲಕ್ಷಣ" ಎಂದು ಬೋಧನೆಯನ್ನೂ ಮಾಡಿದ್ದೆ. ಅವರು ಒಂದು ಸಲವೂ ಮುಂದೂಡಲಿಲ್ಲ.

ಪರೀಕ್ಷೆಯ ಅವಧಿ ಮುಗಿಯಿತು. ಸಮಿತಿಯವರು ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಬರುತ್ತಾರೆಂದು ತಿಳಿಸಿದರು. ಅದರ ಹಿಂದಿನ ದಿನ ತಿಂಗಳ ಮೊದಲ ಸೋಮವಾರ. ಸಂಜೆ ನಾನು ಬಸ್ಸು ಹಿಡಿಯುವ ಅವಸರದಲ್ಲಿ ಚೀಲ ಹೆಗಲಿಗೆ ಹಾಕಿಕೊಂಡಿದ್ದೆ. ಮಂದಾಕಿನಿಯವರು ಹೆಡ್‌ಫೋನ್ ತೆಗೆದು ಕರೆದರು.

"ಸಾರ್, ಹೊಸದು ಹಾಕಿಕೊಳ್ತಾ ಇತ್ತು. ಈಗ ಜಾಗ ಇಲ್ಲ ಅಂತಿದೆ."

ನಿಂತಲ್ಲಿಂದಲೇ ಬಗ್ಗಿ ಡಿಸ್ಕಿನ ಚಿತ್ರ ತೆರೆದು ನೋಡಿದೆ. ಪುಸ್ತಕಗಳ ಪಾಲು ಅರ್ಧಕ್ಕೂ ಹೆಚ್ಚು ಖಾಲಿ.

"ಬೇಕಾದಷ್ಟು ಜಾಗ ಇದೆಯಲ್ರೀ. ಅದು ಹಾಗೇ ಏನಾದ್ರೂ ಗೊಣಗ್ತಿರತ್ತೆ. ಆಫ್ ಮಾಡಿ ಮನೆಗೆ ಹೋಗಿ, ನಾಳೆ ದೊಡ್ಡ ದಿನ" ಎಂದು ಹೊರಟೆ.

ಮರುದಿನ ನಾನು ಶಾಲೆಯಲ್ಲಿದ್ದೆ. ತರಗತಿಯಲ್ಲಿ ಫೋನು ಇಟ್ಟುಕೊಳ್ಳುವಂತಿರಲಿಲ್ಲ. ವಾಚನಾಲಯದಲ್ಲಿ ನಡೆದದ್ದನ್ನು ತಿಪ್ಪೇರುದ್ರಯ್ಯನವರು ಆಮೇಲೆ ನನಗೆ ಹೇಳಿದರು. ಸಮಿತಿಯ ಐದೂ ಜನ ಬಂದು ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಮಂದಾಕಿನಿಯವರು ನಮಸ್ಕಾರ ಹೇಳಿ ಗುಂಡಿ ಒತ್ತಿದರು. ತಲೆ ಎಡಕ್ಕೆ ವಾಲಿಸಿ ಕಾದರು. ಫ್ಯಾನು ತಿರುಗಿತು, ಡಿಸ್ಕು ಕೆರೆಯಿತು, ಆಮೇಲೆ ಏನೂ ಇಲ್ಲ. ಒಂದು ನಿಮಿಷವಾಯಿತು, ಎರಡಾಯಿತು. ಅವರು ಹಾಗೇ ಕಾಯುತ್ತಿದ್ದರು. ಪರದೆಯ ತುಂಬ ಬಿಳಿ ಅಕ್ಷರಗಳು ಬಂದು ನಿಂತಿದ್ದವು.

"ಏನೋ ಇಂಗ್ಲಿಷಲ್ಲಿ ಬಂದು ನಿಂತಿದೆ ಕಣಮ್ಮ" ಎಂದರಂತೆ ತಿಪ್ಪೇರುದ್ರಯ್ಯನವರು.

"ಸ್ವಲ್ಪ ಓದಿ ಹೇಳಿ ಸಾರ್."

"ಅದೆಲ್ಲ ಓದೋ ಅಂಥದ್ದಲ್ಲಮ್ಮ. ಬರೀ ಅಂಕಿ, ಚುಕ್ಕಿ."

ಮಂದಾಕಿನಿಯವರು ಆಫ್ ಮಾಡಿ ಮತ್ತೆ ಹಾಕಿದರು. ಮತ್ತೆ ಅದೇ. ಮೂರನೆಯ ಸಲವೂ ಅದೇ. ಸಮಿತಿಯ ಅಧ್ಯಕ್ಷರು ವಕೀಲಿ ವೃತ್ತಿಯಿಂದ ನಿವೃತ್ತರಾದವರು, ಕೆಟ್ಟವರೇನಲ್ಲ. ಎದ್ದು ನಿಂತು ಮೆಲ್ಲಗೆ, "ಕಣ್ಣಿದ್ದೋರಾದ್ರೆ ಏನು ಬಂದಿದೆ ಅಂತಾದ್ರೂ ನೋಡ್ಕೊಳ್ತಿದ್ರು. ಪಾಪ, ಇವರು ತಾನೇ ಏನು ಮಾಡಾರು" ಎಂದರಂತೆ. ಕಣ್ಣಿದ್ದ ಆರು ಜನ ಆ ಪರದೆಯ ಮುಂದೆ ಇದ್ದರು, ಒಬ್ಬರೂ ಅದನ್ನು ಓದಲಿಲ್ಲ ಎನ್ನುವುದು ಯಾರಿಗೂ ಹೊಳೆಯಲಿಲ್ಲ.

ನಾನು ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಮಂದಾಕಿನಿಯವರು ಅದೇ ಕುರ್ಚಿಯಲ್ಲಿದ್ದರು, ಊಟ ಮಾಡಿದ ಹಾಗೆ ಕಾಣಲಿಲ್ಲ. ಯಂತ್ರ ಹಾಕುವಾಗ ಒಂದು ಕೀಲಿ ಒತ್ತಿ ಹಿಡಿದರೆ ಹಳೆಯ ಕರ್ನೆಲ್ಲುಗಳ ಪಟ್ಟಿ ಬರುತ್ತದೆ. ಆ ಪಟ್ಟಿಗೆ ಧ್ವನಿಯಿಲ್ಲ, ನೋಡಿಯೇ ಆರಿಸಬೇಕು. ಹೊಸದನ್ನು ಬಿಟ್ಟು ಅದರ ಹಿಂದಿನದನ್ನು ಆರಿಸಿದೆ. ಪಕ್ಕದಲ್ಲಿ ಅವರ ತಲೆ ಎಡಕ್ಕೆ ವಾಲಿತು. ಅರ್ಧ ನಿಮಿಷಕ್ಕೆ ಡೋಲು ತಟ್ಟಿತು.

ಕಾರಣ ನೋಡಲು ಎರಡು ಸಾಲಿನ ಆಜ್ಞೆ ಸಾಕಾಯಿತು. ಪುಸ್ತಕಗಳ ಪಾಲು ಖಾಲಿಯೇ ಇತ್ತು. ಸಿಸ್ಟಮ್ಮಿನ ಪಾಲೂ ಸರಿಯಾಗಿತ್ತು. ಅವೆರಡರ ಮೇಲಿನ ಸಾಲಿನಲ್ಲಿ ಬೂಟ್ ಎಂದಿತ್ತು, ಅದರ ಎದುರಿಗೆ ನೂರಕ್ಕೆ ನೂರು ತುಂಬಿದೆ ಎಂದಿತ್ತು. ಕರ್ನೆಲ್ ಒಂದಕ್ಕೆ ಮೂವತ್ತು ಎಂಬಿ ಎಂದು ನಾನು ಹಾಕಿದ ಲೆಕ್ಕ ಸರಿಯೇ. ಆದರೆ ಹೊಸದು ಬಂದಾಗ ಹಳೆಯದು ಹೋಗುವುದಿಲ್ಲ, ಎಚ್ಚರಿಕೆಗಾಗಿ ಉಳಿದುಕೊಳ್ಳುತ್ತದೆ. ನನ್ನ ನೂರು ಎಂಬಿಯಲ್ಲಿ ಮೂರು ಕೂರುತ್ತಿದ್ದವು. ಪ್ರತಿ ತಿಂಗಳೂ ಹೊಸ ಕರ್ನೆಲ್ ಬರುವುದಿಲ್ಲವಾದ್ದರಿಂದ ಆರು ತಿಂಗಳು ಹೇಗೋ ನಡೆದಿತ್ತು. ಸೋಮವಾರ ಸಂಜೆ ನಾಲ್ಕನೆಯದು ಬಂದು, ಅರ್ಧ ಒಳಗೆ ಅರ್ಧ ಹೊರಗೆ ನಿಂತಿತ್ತು. ಬೆಳಿಗ್ಗೆ ಯಂತ್ರ ಎದ್ದದ್ದು ಆ ಅರ್ಧದ ಮೇಲೆ.

ತಿಪ್ಪೇರುದ್ರಯ್ಯನವರು ಬಾಗಿಲಲ್ಲಿ ನಿಂತು ಕೇಳಿದರು:

"ಏನಾಗಿತ್ತು ಮೇಷ್ಟ್ರೇ?"

"ಅಪ್‌ಡೇಟ್ ಅರ್ಧಕ್ಕೇ ನಿಂತುಬಿಟ್ಟಿತ್ತು."

"ಯಾರು ಮಾಡಿದ್ದು ಅದು?"

"ನಾನೇ ಸಾರ್, ನಿನ್ನೆ ಸಂಜೆ" ಎಂದರು ಮಂದಾಕಿನಿಯವರು.

"ಓಹೋ" ಎಂದು ತಿಪ್ಪೇರುದ್ರಯ್ಯನವರು ಒಮ್ಮೆ ನನ್ನ ಮುಖ ನೋಡಿದರು. ನಾನು ಪರದೆಯನ್ನು ನೋಡುತ್ತಿದ್ದೆ. ನಾನು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಅಪ್‌ಡೇಟ್ ಅರ್ಧಕ್ಕೆ ನಿಂತದ್ದು ನಿಜ, ಅದನ್ನು ಅವರು ಮಾಡಿದ್ದೂ ನಿಜ. ಆ ಎರಡು ನಿಜಗಳನ್ನು ಪಕ್ಕಪಕ್ಕ ಇಟ್ಟು ನಾನು ಬಾಯಿಗೆ ಬೀಗ ಹಾಕಿಕೊಂಡೆ. ‘ಗೊತ್ತಿರೋರು’ ಎಂದು ಹೆಸರು ಮಾಡಿದವನಿಗೆ ‘ಗೊತ್ತಿರಲಿಲ್ಲ’ ಎನ್ನುವುದು ಅಷ್ಟು ಕಷ್ಟವಾಗುತ್ತದೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ಎರಡು ದಿನದಲ್ಲಿ ಸಮಿತಿಯ ನಿರ್ಣಯ ಬಂತು. ತಿಂಗಳ ಕೊನೆಗೆ ಮಂದಾಕಿನಿಯವರನ್ನು ಬಿಡುಗಡೆ ಮಾಡುವುದು, ಕೈಗಾರಿಕಾ ಕೇಂದ್ರದವರು ಅವರನ್ನು ವಾಪಸು ತೆಗೆದುಕೊಳ್ಳಲು ಒಪ್ಪಿದ್ದಾರೆ, ಕೇಳುವ ಕೋಣೆಗೆ ಕಾಲೇಜು ಮುಗಿಸಿದ ಒಬ್ಬರನ್ನು ನೋಡುವುದು. ತಿಪ್ಪೇರುದ್ರಯ್ಯನವರು ಅದನ್ನು ಓದಿ ಹೇಳುವಾಗ ಮಂದಾಕಿನಿಯವರು "ಆಯ್ತು ಸಾರ್" ಎಂದರು, ಅಷ್ಟೇ. ಮತ್ತೆ ಹೆಡ್‌ಫೋನ್ ಹಾಕಿಕೊಂಡರು.

ಆಮೇಲಿನ ಸಂಜೆಗಳಲ್ಲಿ ನಾನು ಬಹಳ ಕೆಲಸ ಮಾಡಿದೆ. ಬೂಟ್‌ನಲ್ಲಿದ್ದ ಹಳೆಯ ಕರ್ನೆಲ್ಲುಗಳನ್ನು ತೆಗೆದುಹಾಕಿ, ಒಂದನ್ನು ಮಾತ್ರ ಉಳಿಸಿದೆ. ಯಂತ್ರದ ಧೂಳು ಒರೆಸಿದೆ. ಯಾರೂ ಕೇಳದಿದ್ದರೂ ಮುದ್ರಣಯಂತ್ರದ ತಂತಿ ಬದಲಾಯಿಸಿದೆ. ಎಲ್ಲ ಸರಿಮಾಡಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಮಾಡಿದ್ದು ಕುರುಹು ಅಳಿಸುವ ಕೆಲಸ. ಬೂಟ್ ತುಂಬಿದೆ ಎಂದು ತೋರಿಸುತ್ತಿದ್ದ ಆ ಸಾಲು ಈಗ ಮೂವತ್ತೈದಕ್ಕೆ ಇಳಿದಿತ್ತು, ಬೇರೆ ಯಾರು ಬಂದು ನೋಡಿದರೂ ಏನೂ ಗೊತ್ತಾಗುತ್ತಿರಲಿಲ್ಲ.

ಮಂದಾಕಿನಿಯವರು ಆ ದಿನಗಳಲ್ಲಿ, ತಮ್ಮ ನಂತರ ಬರುವವರಿಗಾಗಿ, ಕೆಲಸದ ವಿವರವನ್ನೆಲ್ಲ ತಮ್ಮದೇ ದನಿಯಲ್ಲಿ ಹಿಡಿದಿಡುತ್ತಿದ್ದರು. ಬರೆದಿಡುವುದು ಅವರಿಗೆ ಆಗದ ಕೆಲಸವೇನಲ್ಲ. ಆದರೆ ಆ ಕೋಣೆಯಲ್ಲಿ ಏನಿದ್ದರೂ ಕೇಳುವ ಹಾಗಿರಬೇಕು ಎಂಬ ಹಟ ಅವರಿಗೆ. ಒಂದು ಶುಕ್ರವಾರ ಅವರು ಬೇಗ ಮನೆಗೆ ಹೋಗಿದ್ದರು. ಸ್ಪೀಕರ್ ಒಂದನ್ನು ಪರೀಕ್ಷಿಸಲು ನಾನು ಕೈಗೆ ಸಿಕ್ಕ ಫೈಲು ಹಾಕಿದೆ. ಅದು ಆ ವಿವರದ ಫೈಲೇ ಆಗಿತ್ತು. ಮೈಕನ್ನು ಬಾಯಿಂದ ಎಷ್ಟು ದೂರ ಹಿಡಿಯಬೇಕು, ಯಾವ ಓದುಗರಿಗೆ ‘ಶ’ ‘ಷ’ ಎರಡೂ ಒಂದೇ, ಟೈಲರ್ ಅವರನ್ನು ಯಾವ ಅಧ್ಯಾಯದಿಂದ ಎಬ್ಬಿಸಬೇಕು ಎಂದು ಒಂದೊಂದಾಗಿ ಹೇಳುತ್ತ ಹೋಗಿದ್ದರು. ಆಮೇಲೆ ಇದು ಬಂತು:

"ತಿಂಗಳ ಮೊದಲ ಸೋಮವಾರ ಅಪ್‌ಡೇಟ್ ಮಾಡಬೇಕು. ಜಾಗ ಇಲ್ಲ ಅಂತ ಹೇಳಿದರೆ ದೊಡ್ಡ ಡಿಸ್ಕನ್ನು ನೋಡಿ ಸುಮ್ಮನಾಗಬೇಡಿ. ಮುಂದೆ ಬೂಟ್ ಅಂತ ಚಿಕ್ಕ ಪಾಲು ಒಂದಿದೆ. ಅದು ಬರೀ ನೂರು ಎಂಬಿ. ಮೂರು ಕರ್ನೆಲ್ ಆದರೆ ತುಂಬಿಹೋಗುತ್ತದೆ. ಹಳೆಯದನ್ನು ತೆಗೆಯದೆ ಯಂತ್ರವನ್ನು ಆಫ್ ಮಾಡಬೇಡಿ. ಮಾಡಿದರೆ ಬೆಳಿಗ್ಗೆ ಏಳುವುದಿಲ್ಲ."

ನಾನು ಅದನ್ನು ನಿಲ್ಲಿಸಿದೆ. ಆ ಪಾಲನ್ನು ಮಾಡಿದವರು ಯಾರು ಎಂದು ಅದರಲ್ಲಿರಲಿಲ್ಲ. ಆಫ್ ಮಾಡಿ ಎಂದವರು ಯಾರು ಎಂದೂ ಇರಲಿಲ್ಲ.

ಆ ಸೋಮವಾರದ ಸಂಜೆಯ ಮಾತನ್ನು ಮೇಲೆ ಬರೆಯುವಾಗ ನಾನು ಎರಡು ಸಾಲು ಬಿಟ್ಟಿದ್ದೇನೆ. ಇಷ್ಟು ವರ್ಷ ಯಾರಿಗೆ ಈ ಕತೆ ಹೇಳಿದರೂ ಅವೆರಡನ್ನು ಬಿಟ್ಟೇ ಹೇಳಿದ್ದೇನೆ. ನಾನು ಚೀಲ ಹಾಕಿಕೊಂಡು ಬಾಗಿಲಿಗೆ ಹೋದಾಗ ಮಂದಾಕಿನಿಯವರು ಮತ್ತೆ ಕರೆದಿದ್ದರು. "ಸಾರ್, ದೊಡ್ಡದರಲ್ಲಲ್ಲ, ಬೂಟ್‌ನಲ್ಲಿ ಜಾಗ ಇಲ್ಲ ಅಂತಿದೆ. ನೀವು ಅವತ್ತು ನೂರು ಎಂಬಿ ಬಿಟ್ರಲ್ಲ, ಅದರಲ್ಲಿ" ಎಂದಿದ್ದರು. ನಾನು ತಿರುಗಿಯೂ ನೋಡದೆ, "ಅದೆಲ್ಲ ನಿಮಗೆ ಅರ್ಥ ಆಗಲ್ಲ ಬಿಡಿ, ಬಸ್ಸಿಗೆ ಹೊತ್ತಾಯ್ತು" ಎಂದಿದ್ದೆ.

ಅವರಿಗೆ ಮೊದಲೇ ಅರ್ಥವಾಗಿತ್ತು. ಯಂತ್ರ ಏಳದೆ ಹೋದ ಬೆಳಿಗ್ಗೆ, ಐದು ಜನರ ಮುಂದೆ ತಲೆ ವಾಲಿಸಿಕೊಂಡು ಕಾಯುತ್ತಿದ್ದಾಗಲೇ ಏನಾಗಿದೆ ಎಂದು ಅವರಿಗೆ ಗೊತ್ತಿತ್ತು. ನಾನು ಮಧ್ಯಾಹ್ನ ಬಂದು ಪರದೆ ನೋಡಿ ಕಂಡುಹಿಡಿದದ್ದು ಅವರಿಗೆ ಹಿಂದಿನ ಸಂಜೆಯೇ ತಿಳಿದಿತ್ತು. ನನಗೆ ಆ ಹೊತ್ತು ಆದ ನಾಚಿಕೆಯನ್ನು ಈಗಲೂ ಪೂರ್ತಿ ಬರೆಯಲು ಆಗುವುದಿಲ್ಲ.

ಮರುದಿನ ಶನಿವಾರ ನನ್ನ ಪಾಳಿಯಲ್ಲ. ಆದರೂ ಹೋದೆ. ಮಂದಾಕಿನಿಯವರು ಯಾವುದೋ ಅಧ್ಯಾಯವನ್ನು ಒಪ್ಪ ಮಾಡುತ್ತಿದ್ದರು. ಎದುರಿನ ಸ್ಟೂಲಿನ ಮೇಲೆ ಕುಳಿತೆ.

"ನಿಮಗೆ ಗೊತ್ತಿತ್ತು" ಎಂದೆ.

ಅವರು ಹೆಡ್‌ಫೋನ್ ತೆಗೆದು ಕುತ್ತಿಗೆಗೆ ಇಳಿಬಿಟ್ಟರು. "ಏನು?"

"ಬೂಟ್ ವಿಷಯ. ಅಧ್ಯಕ್ಷರ ಮುಂದೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನಾಗ್ತಿತ್ತು ಸಾರ್? ನಾನು ಹೇಳಿದ್ರೆ ಅದನ್ನ ನೆಪ ಅನ್ನೋರು. ನೀವು ಹೇಳಿದ್ರೆ ಕಾರಣ ಅನ್ನೋರು. ಅದಕ್ಕೇ ನೀವು ಹೇಳ್ತೀರಿ ಅಂತ ಕಾಯ್ತಿದ್ದೆ" ಎಂದರು.

"ಹನ್ನೊಂದು ದಿನ ಆಯ್ತು."

"ನನಗೂ ಗೊತ್ತು."

"ಬೈಬಹುದಿತ್ತು ನೀವು."

"ಬೈದ್ರೆ ನಿಮಗೆ ಹಗುರ ಆಗಿಬಿಡೋದು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. "ಸಾಲದೆ ಬಂದ್ರೆ ಅಂತ ಅವತ್ತೇ ಕೇಳಿದ್ದೆ. ಜಾಗ ಇಲ್ಲ ಅಂತ ಸೋಮವಾರ ಹೇಳಿದೆ. ಇನ್ನು ಮೂರನೇ ಸಲ ಹೇಳೋಕೆ ನನಗೆ ಮನಸ್ಸಾಗಲಿಲ್ಲ ಸಾರ್."

ಸಮಿತಿ ಸೇರುವುದು ಮರುದಿನ, ಭಾನುವಾರ. ಯಾರೂ ಕರೆಯದಿದ್ದರೂ ನಾನು ಹೋದೆ. ನೂರು ಎಂಬಿ, ಮೂರು ಕರ್ನೆಲ್, ಅರ್ಧಕ್ಕೆ ನಿಂತ ನಾಲ್ಕನೆಯದು ಎಲ್ಲವನ್ನೂ ಹೇಳಿದೆ. ಸೋಮವಾರದ ಆ ಎರಡು ಸಾಲನ್ನು ಮಾತ್ರ ಅಲ್ಲಿಯೂ ಬಿಟ್ಟೆ. ಸದಸ್ಯರೊಬ್ಬರು ಆಕಳಿಸಿದರು. ಇನ್ನೊಬ್ಬರು ನೂರು ಎಂಬಿ ಎಂದರೆ ಎಷ್ಟು ಹಾಡು ಎಂದು ಕೇಳಿದರು. ಅಧ್ಯಕ್ಷರು ಮಾತ್ರ ವಕೀಲರ ಹಾಗೆ ಕೊನೆಯವರೆಗೂ ಕೇಳಿಸಿಕೊಂಡು, "ಅಂದ್ರೆ, ತಪ್ಪು ನಿಮ್ಮದು ಅಂತೀರಾ?" ಎಂದರು.

"ಹೌದು. ಮೊದಲಿಂದ ಕೊನೆಯವರೆಗೂ ನನ್ನದೇ."

"ಆ ಹೆಣ್ಣುಮಗಳು ಮಾಡಿದ್ದು?"

"ನಾನು ಹೇಳಿದ್ದನ್ನ ಹೇಳಿದ ಹಾಗೆ ಮಾಡಿದ್ದಾರೆ. ಎಚ್ಚರಿಕೆಯನ್ನೂ ಕೊಟ್ಟಿದ್ರು. ನಾನು ಕೇಳಿಸಿಕೊಳ್ಳಲಿಲ್ಲ."

ಅವರು ಅದನ್ನು ನಡಾವಳಿಯಲ್ಲಿ ಬರೆಸಿದರು. ಬಿಡುಗಡೆಯ ನಿರ್ಣಯವನ್ನು ಹಿಂತೆಗೆದುಕೊಂಡರು. ನನ್ನ ಎದೆಯ ಭಾರ ಇಳಿಯಿತು ಎಂದುಕೊಳ್ಳುವ ಹೊತ್ತಿಗೆ ಇನ್ನೊಂದು ಸಾಲು ಬರೆಸಿದರು: ಮಂದಾಕಿನಿಯವರ ಪರೀಕ್ಷೆಯ ಅವಧಿಯನ್ನು ಇನ್ನಾರು ತಿಂಗಳು ಮುಂದುವರಿಸುವುದು.

"ಪರೀಕ್ಷೆ ಯಾಕೆ ಸಾರ್?" ಎಂದೆ. "ತಪ್ಪು ನನ್ನದು ಅಂತ ಈಗಷ್ಟೇ ಬರೆಸಿದಿರಲ್ಲ. ಪರೀಕ್ಷೆ ಆಗಬೇಕಾದ್ದು ನನಗೆ."

ಅಧ್ಯಕ್ಷರು ನಕ್ಕುಬಿಟ್ಟರು. "ನಿಮಗೇನ್ರೀ ಪರೀಕ್ಷೆ. ನೀವು ಗೊತ್ತಿರೋರು. ಬೇರೆ ಊರಿಂದ ಬಂದು ಇಷ್ಟು ಮಾಡ್ತಿದ್ದೀರಿ. ಅವರದ್ದು ಹಾಗಲ್ಲ, ನಮಗೂ ಒಂದು ಧೈರ್ಯ ಬೇಕಲ್ವಾ" ಎಂದರು. ಎಷ್ಟು ವಾದಿಸಿದರೂ ಆ ಸಾಲು ಹೋಗಲಿಲ್ಲ.

ಸೋಮವಾರ ಸಂಜೆ ಅದನ್ನು ಮಂದಾಕಿನಿಯವರಿಗೆ ನಾನೇ ಹೇಳಿದೆ. ಇದನ್ನು ತಿಪ್ಪೇರುದ್ರಯ್ಯನವರಿಗೆ ಬಿಡಬಾರದು ಎನಿಸಿತ್ತು.

"ಇನ್ನಾರು ತಿಂಗಳಾ?" ಎಂದರು.

"ಹೌದು. ನಾನು ಬೇಡ ಅಂತ ಜಗಳ ಆಡಿದೆ. ಕೇಳಲಿಲ್ಲ."

ಅವರು ಬೆರಳಿನಿಂದ ಕೀಲಿಮಣೆಯ ಅಂಚನ್ನು ಸವರಿದರು. ಅಳುತ್ತಾರೇನೋ ಎಂದು ನಾನು ಹೆದರಿದೆ. ಅವರು ಕೇಳಿದ್ದು ಬೇರೆ:

"ಬೂಟ್ ದೊಡ್ಡದು ಮಾಡೋಕೆ ಯಾವತ್ತು ಬರ್ತೀರಿ?"

ಆ ವಾರ ಶಾಲೆಗೆ ರಜೆಯಿದ್ದ ದಿನ ಬೆಳಿಗ್ಗೆಯೇ ಬಂದೆ. ನೂರಹತ್ತು ಪುಸ್ತಕಗಳನ್ನೂ ಬೇರೆ ಡಿಸ್ಕಿಗೆ ತೆಗೆದಿಟ್ಟು, ಸರಿಯಾಗಿ ಬಂದಿವೆಯೇ ಎಂದು ಇಬ್ಬರೂ ಒಂದೊಂದನ್ನೂ ತೆರೆದು ಕೇಳಿದೆವು. ಆಮೇಲೆ ನಾನು ಅಭ್ಯಾಸಬಲದಿಂದ ಕುರ್ಚಿ ಎಳೆದುಕೊಂಡೆ. "ನಾನು ಹಾಕ್ತೀನಿ" ಎಂದರು ಮಂದಾಕಿನಿಯವರು. ಮಾತಾಡುವ ಅನುಸ್ಥಾಪನೆ ಒಂದಿದೆ, ಪ್ರಶ್ನೆಗಳನ್ನು ಅದೇ ಓದುತ್ತದೆ ಎಂದು ಅವರು ಎಲ್ಲಿಂದಲೋ ತಿಳಿದುಕೊಂಡಿದ್ದರು. ನಾನೇ ಮೊದಲ ದಿನ ಹುಡುಕಬಹುದಾಗಿತ್ತು, ಹುಡುಕಿರಲಿಲ್ಲ. ಸ್ಟೂಲಿಗೆ ಸರಿದು ಕುಳಿತೆ.

ಡಿಸ್ಕು ಭಾಗ ಮಾಡುವ ಪ್ರಶ್ನೆ ಬಂತು. ಬೂಟ್‌ಗೆ ಎಷ್ಟು ಎಂದು ಯಂತ್ರ ಕೇಳಿತು. ಅವರು ನನ್ನನ್ನು ಕೇಳಲಿಲ್ಲ. ನಾಲ್ಕು ಅಂಕಿ ಒತ್ತಿ, ಎಂಟರ್ ಮೇಲೆ ಬೆರಳಿಟ್ಟು ತಡೆದರು.

"ಪರದೆ ಮೇಲೆ ಎಷ್ಟಿದೆ, ಓದಿ ಸಾರ್."

"ಸಾವಿರದ ಇಪ್ಪತ್ನಾಲ್ಕು ಎಂಬಿ. ಒಂದು ಜಿಬಿ."

"ಇನ್ನೊಂದು ಸಲ. ಒಂದೊಂದೇ ಅಂಕಿ."

"ಒಂದು. ಸೊನ್ನೆ. ಎರಡು. ನಾಲ್ಕು."

ಆಗ ಎಂಟರ್ ಒತ್ತಿದರು. ಫೈಲುಗಳು ಇಳಿಯತೊಡಗಿದವು. ಆ ಹಂತದಲ್ಲಿ ಯಂತ್ರದ ಧ್ವನಿ ನಿಂತುಹೋಗುತ್ತದೆ, ಪರದೆಯ ಮೇಲೆ ನೀಲಿ ಪಟ್ಟಿಯೊಂದು ಉದ್ದವಾಗುತ್ತ ಹೋಗುತ್ತದೆ, ಪಕ್ಕದಲ್ಲಿ ನೂರಕ್ಕೆ ಎಷ್ಟಾಯಿತು ಎಂಬ ಅಂಕಿ ಇರುತ್ತದೆ, ಅಷ್ಟೇ. ಎಲ್ಲಿಗೆ ಬಂತು ಎಂದು ಅವರು ಕೇಳಲಿಲ್ಲ. ನಾನಾಗಿಯೇ "ಏಳು" ಎಂದೆ. ಆಮೇಲೆ "ಎಂಟು" ಎಂದೆ. ಬೇಡ ಎನ್ನಲಿಲ್ಲವಾದ್ದರಿಂದ ಮುಂದುವರಿಸಿದೆ. ಮುಂದಿನ ಸಾಲಿನ ಕುರ್ಚಿಯಲ್ಲಿ ಟೈಲರ್ ಬಂದು ಕುಳಿತರು, ಇವತ್ತು ಕತೆಯಿಲ್ಲವೇ ಎಂದರು, ಸಂಜೆಗೆ ಇದೆ ಎಂದು ಮಂದಾಕಿನಿಯವರು ಹೇಳಿದರು. ಅರವತ್ತೊಂದರಲ್ಲಿ ಪಟ್ಟಿ ಬಹಳ ಹೊತ್ತು ಅಲ್ಲಾಡದೆ ನಿಂತಿತು. ಇನ್ನೇನು ಸರಿಹೋಗುತ್ತದೆ ಎನ್ನಬಹುದಿತ್ತು, ಹಿಂದೆ ಹಾಗೇ ಎನ್ನುತ್ತಿದ್ದೆ.

"ಅರವತ್ತೊಂದರಲ್ಲೇ ನಿಂತಿದೆ" ಎಂದೆ.

"ಹ್ಞೂಂ" ಎಂದರು.

ಬಿಸಿಲು ಕಿಟಕಿಯಿಂದ ಮೇಜಿನ ಕಾಲಿಗೆ ಇಳಿದಿತ್ತು. ನಾನು ಪರದೆಯಿಂದ ಕಣ್ಣು ತೆಗೆಯದೆ ಕುಳಿತಿದ್ದೆ, ಮತ್ತು ಅರವತ್ತೆರಡು ಬಂದ ಕೂಡಲೇ ಹೇಳಿದೆ.